ಹೆಸರು ಹೇಳಬಾರದ ಮನೆ

“ಅಣ್ಣಾ, ಇದು ಕಳ್ಳತನ ಆಗತೈತಂತ!” ಎಂದು ತಂಗಿ ರೇಣುಕಾ ಫೋನಿನಲ್ಲಿ ಅತ್ತಾಗ ನಾನು ಗೋವಾದ ಪರ್ವರಿಯಲ್ಲಿ ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದೆ. ಪೈಪು ಕೈಯಿಂದ ಬಿತ್ತು.

ಆ ಮಾತು ನಮಗೆ ಎಷ್ಟು ಕೆಟ್ಟದ್ದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಸೈಟಿನಲ್ಲಿ ಡ್ರಿಲ್ ಕಾಣದಿದ್ದರೆ ಮೊದಲು ಸುರಿಸಿ ನೋಡುವುದು ನಮ್ಮಂಥ ವಿಜಯಪುರದವರ ಚೀಲ.

ಸಂಜೆ ಉಸಗಾಂವದ ಮನೆಗೆ ಬಂದು ನೆಟ್ಟಗೆ ಕೇಳಿದೆ. “ಕದ್ದೀಯೇನ?”

“ಇಲ್ಲೋ ಅಣ್ಣಾ. ಜರ್ನಲ್‌ನ್ಯಾಗ ಓದಿದ್ದು ನನ್ನ ಪ್ರಬಂಧದಾಗ ಬರದೀನಿ. ಬರದವರ ಹೆಸರು ಹಾಕಿಲ್ಲ. ಎಲ್ಲಾ ಕಡೆ ‘ಕೆಲವರು ಹೇಳುತ್ತಾರೆ’ ಅಂತ ಬರದುಬಿಟ್ಟೆ. ಸೋಮವಾರದೊಳಗ ಸರಿ ಮಾಡಲಿಲ್ಲಂದ್ರ ಎಂ.ಎ. ಹೋಗತೈತಿ ಅಂದ್ರು ಮೇಡಮ್.”

“ಯಾಕ ಹಾಕಲಿಲ್ಲ?”

“ಗಣಿ ಮಾಲಕರ ವಿರುದ್ಧ ಬರದಾರೋ ಅವ್ರು. ಹೆಸರು ಹೇಳಾಕ ಕೈ ಬರಲಿಲ್ಲ.”

ನನಗೆ ತಟ್ಟನೆ ಅಪ್ಪ ನೆನಪಾದ. ಗಣಿಯಲ್ಲಿ ಲಾರಿ ತುಂಬುತ್ತಿದ್ದ. ಒಂದು ದಿನ ಸೂಪರ್‌ವೈಸರ್ ನಮ್ಮ ಬಾಗಿಲಲ್ಲೇ ನಿಂತು, ಲಾರಿಗೆ ಬ್ರೇಕಿಲ್ಲ ಎಂದು ಹಬ್ಬಿಸಿದವರು ಯಾರೆಂದು ಕೇಳಿದ. ಹಾಗೆ ಹೇಳಿದವನು ಅಪ್ಪನ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಅಪ್ಪ, “ಮಂದಿ ಅಂತಾರ್ರಿ ಸಾಹೇಬ್ರ” ಎಂದ. ಸೂಪರ್‌ವೈಸರ್ ಹೋದ ಮೇಲೆ ನಮ್ಮ ಕಡೆ ತಿರುಗಿ, “ಯಾರ ಹೆಸರೂ ಹೇಳಬ್ಯಾಡ್ರಿ. ಹೆಸರು ಬಿತ್ತಂದ್ರ ಆ ಮನಿ ಮುಗೀತು” ಎಂದ. ರೇಣುಕಾ ಆಗ ಅವನ ತೊಡೆಯ ಮೇಲಿದ್ದಳು.

ಈಗ ಆ ಮಾತೇ ಅವಳ ಕುತ್ತಿಗೆಗೆ ಬಂದಿತ್ತು.

ಭಾನುವಾರವಿಡೀ ಅವಳು ಕೂತು ತಿದ್ದಿದಳು. ಎತ್ತಿಕೊಂಡ ಪ್ರತಿ ಮಾತಿನ ಪಕ್ಕ ಬರೆದವರ ಹೆಸರು, ವರ್ಷ. ಕೊನೆಯ ಪುಟಗಳಲ್ಲಿ ಲೇಖನದ ಹೆಸರು, ಪತ್ರಿಕೆ, ಸಂಪುಟ, ಸಂಚಿಕೆ, ಎಷ್ಟನೇ ಪುಟದಿಂದ ಎಷ್ಟನೇ ಪುಟ. ನಾನು ಆರನೇ ಕ್ಲಾಸಿಗೆ ಬಿಟ್ಟವನು. ಪುಸ್ತಕದ ಕೊನೆಯ ಪುಟವೆಂದರೆ ನನಗೆ ಪೆನ್ನು ಹತ್ತುತ್ತದೋ ಇಲ್ಲವೋ ಎಂದು ಗೀಚಿ ನೋಡುವ ಜಾಗ. ಅಲ್ಲಿ ಅಷ್ಟು ಜನರ ಹೆಸರು ಸಾಲಾಗಿ ನಿಂತದ್ದನ್ನು ಬೆರಳಿಟ್ಟು ಎಣಿಸಿದೆ.

“ಇಷ್ಟು ಮಂದೀನ ಹಿಡಕೊಟ್ಟಂಗ ಆತಲ್ಲ. ಹುಡುಕ್ಕೊಂಡು ಯಾರರ ಬಂದ್ರ?”

“ಬರಲಿ ಅಂತನ ಹಾಕೋದು ಅಣ್ಣಾ. ಬಂದು ಓದಲಿ. ಅವ್ರೇನು ಮುಚ್ಚಿ ಬರದಾರೇನು?”

ಸೋಮವಾರ ಮೇಡಮ್ ಒಪ್ಪಿಕೊಂಡರು.

ಇವತ್ತು ಸೈಟಿನಲ್ಲಿ, ನಾವು ಹತ್ತಿ ನಿಂತು ಗೋಡೆ ಕಟ್ಟುವ ಅಟ್ಟಣೆಯ ಕೆಳಗೆ ಬಂದು ಇಂಜಿನಿಯರ್, “ಪರಾಂಚಿ ಅಲುಗಾಡತೈತಿ ಅಂದವ್ರು ಯಾರು?” ಎಂದ. ‘ಮಂದಿ’ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು.

“ನಾನರೀ,” ಎಂದೆ. ನನ್ನ ಹೆಸರನ್ನೂ ಹೇಳಿದೆ.

ಮುಂದೆ ಹೇಳುವುದೇನೂ ಇಲ್ಲ.