ಬಲಗಡೆಯ ಕನ್ನಡಿ

ಕಾರಿನ ಬಲಬಾಗಿಲಿನ ಒಳಹಲಗೆಯನ್ನು ಬಿಚ್ಚಿದ ಕೂಡಲೇ ಕೆಂಪು ಧೂಳು ಸುರಿಯಿತು. ಒಂದು ಬೊಗಸೆಯಷ್ಟು ಇತ್ತೇನೋ. ಗ್ಯಾರೇಜಿನ ಖಾದರ್ ಸಾಬರು ಪೊರಕೆಗೆ ಕೈ ಹಾಕಿದರು. ‘ಇರ್ರಿ, ಗುಡಿಸಬ್ಯಾಡ್ರಿ!’ ಎಂದು ಕೂಗಿಬಿಟ್ಟೆ. ಆಮೇಲೆ ನಾಚಿಕೆಯಾಯಿತು, ಧೂಳು ಗುಡಿಸುವುದಕ್ಕೆ ಯಾರಾದರೂ ಅಡ್ಡ ಬರುತ್ತಾರೆಯೇ? ಆದರೆ ಅದು ಸಂಡೂರಿನ ಧೂಳು, ಅದಿರಿನದು, ಕುಂಕುಮದಷ್ಟು ನುಣುಪು. ಬಾಗಿ ಮೂಸಿದರೆ ತುಕ್ಕು ಹಿಡಿದ ಬಕೆಟ್ಟಿನಲ್ಲಿ ನಿಂತ ನೀರಿನ ವಾಸನೆ. ನಾನು ಹತ್ತು ವರ್ಷದವಳಿದ್ದಾಗ ಈ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಸಂಡೂರಿನ ದಾರಿಯಲ್ಲಿ ಕುಡಿದ ಧೂಳು ಇದೇ. ನನ್ನ ಗಂಟಲಿನಿಂದ ಅದು ಎಂದೋ ಹೋಗಿತ್ತು. ಬಾಗಿಲಿನ ಹೊಟ್ಟೆಯಲ್ಲಿ ಮಾತ್ರ ಹಾಗೇ ಕೂತಿತ್ತು ನೋಡಿ.

ಕಾರು ನಮ್ಮ ದೊಡ್ಡಪ್ಪನದು. ಬಿಳಿಯರು ಬಿಟ್ಟುಹೋದ ಕಾಲದ್ದು ಎಂದು ಎಲ್ಲರೂ ಹೇಳುತ್ತಿದ್ದರು, ಯಾವ ವರ್ಷದ್ದೋ ನನಗೆ ತಿಳಿಯದು. ದುಂಡನೆಯ ಬೆನ್ನು, ಕಪ್ಪು ಬಣ್ಣ, ಹೊರಗಡೆ ಕನ್ನಡಿಗಳಿಲ್ಲ. ಈಗ ಅದು ದೊಡ್ಡಪ್ಪನ ಮಗಳು ಸುಧಕ್ಕನ ಪಾಲಿನದು. ಸುಧಕ್ಕ ಕಂಪ್ಲಿಯಲ್ಲಿ ಟೀಚರಾಗಿದ್ದು ರಿಟೈರಾದವಳು. ಹೊಸಪೇಟೆಯ ಕಾಲುವೆ ಪಕ್ಕದ ನಮ್ಮ ಮನೆ ಮಾರಿಹೋಗಿ ಅಲ್ಲೀಗ ಹಂಪಿಗೆ ಬರುವವರ ಲಾಡ್ಜು ನಿಂತಿದೆ. ಉಳಿದದ್ದು ಈ ಕಾರು ಒಂದೇ. ‘ಓಡಿಸ್ತೀನಿ ನೋಡು ಇದನ್ನ’ ಎಂದು ಹಟ ಹಿಡಿದು ಇಂಜಿನ್ನು ಬಿಚ್ಚಿಸಿ, ಸೀಟು ಹೊಲಿಸಿ, ಕೊನೆಗೆ ಕನ್ನಡಿ ಹಾಕಿಸಲು ಹೊಸಪೇಟೆಗೆ ತಂದಿದ್ದಳು. ‘ಈಗಿನ ರೋಡಿಗೆ ಕನ್ನಡಿ ಇಲ್ದ ಇಳಿದ್ರ ತಿಥಿ ಊಟನ’ ಎಂಬುದು ಅವಳ ಮಾತು. ಜೊತೆಗಿರಲೆಂದು ನನ್ನನ್ನೂ ಕರೆದಳು. ಬೆಳಗ್ಗಿನಿಂದ ನಾನು ಒಂದು ಕಡೆ ನಿಂತಿರಲಿಲ್ಲ. ಕನ್ನಡಿಯನ್ನು ಮುಂದಿನ ಮಡ್‌ಗಾರ್ಡಿನ ಮೇಲೆ ಕೂರಿಸಬೇಕೋ ಬಾಗಿಲ ಮೇಲೆ ಕೂರಿಸಬೇಕೋ ಎಂದು ಖಾದರ್ ಸಾಬರು ಯೋಚಿಸುತ್ತಿದ್ದರೆ ನಾನು ನಡುವೆ ಬಾಯಿ ಹಾಕುತ್ತಿದ್ದೆ. ತೂತು ಹೊಡೆಯದೆ ಆಗುವುದಿಲ್ಲವೇ, ಕ್ಲಿಪ್ಪು ಹಾಕಿ ಸಿಕ್ಕಿಸಲಾಗದೇ, ಇನ್ನೊಂದು ದಿನ ಮಾಡಿದರಾಯಿತಲ್ಲ. ‘ಅಕ್ಕಾ, ನೀವು ಒಂದು ಚಾ ಕುಡ್ದು ಬರ್ರಿ’ ಎಂದರು ಸಾಬರು, ಬಹಳ ಮರ್ಯಾದೆಯಿಂದ. ಎರಡು ಚಹಾ ಕುಡಿದು ಬಂದೆ. ಅಷ್ಟರಲ್ಲಿ ಸುಧಕ್ಕನನ್ನು ಸ್ಟೇರಿಂಗ್ ಹಿಂದೆ ಕೂರಿಸಿ, ಕನ್ನಡಿಯನ್ನು ಕೈಯಲ್ಲಿ ಹಿಡಿದು, ‘ಕಾಣ್ತೈತ್ರೇನು? ಇನ್ನಷ್ಟು ಮುಂದಕ್ಕ?’ ಎಂದು ಸರಿಸಿ ಸರಿಸಿ ಬಾಗಿಲ ಮೇಲೊಂದು ಜಾಗಕ್ಕೆ ಟೇಪು ಅಂಟಿಸಿದ್ದರು.

ನನಗೆ ಯಾಕೆ ಅಷ್ಟು ಸಂಕಟ ಎಂದು ಹೇಳಬೇಕಾದರೆ ಹಿಂದಕ್ಕೆ ಹೋಗಬೇಕು. ಆ ಕಾರಿಗೆ ಬಲಗಡೆಯ ಕನ್ನಡಿ ನಾನೇ ಆಗಿದ್ದೆ.

ಅಮ್ಮ ತೀರಿಹೋದಾಗ ನನಗೆ ಏಳು ವರ್ಷ. ಅಪ್ಪ ಸಂಡೂರಿನ ಗಣಿಯಲ್ಲಿ ಕೆಲಸಕ್ಕಿದ್ದ. ನನ್ನನ್ನು ಹೊಸಪೇಟೆಯ ದೊಡ್ಡಪ್ಪನ ಮನೆಯಲ್ಲಿ ಬಿಟ್ಟ. ನಾನು ಮಾತು ನಿಲ್ಲಿಸಿಬಿಟ್ಟಿದ್ದೆ. ಹಟಕ್ಕಲ್ಲ, ಬಾಯಿಗೆ ಏನೂ ಬರುತ್ತಿರಲಿಲ್ಲ. ದೊಡ್ಡಮ್ಮ ದೃಷ್ಟಿ ತೆಗೆದಳು, ರಾಯರ ಮಠದ ಮಂತ್ರಾಕ್ಷತೆ ಹಾಕಿದಳು, ಬೆಲ್ಲ ತಿನ್ನಿಸಿದಳು. ಆ ಮನೆಯ ಅಡಿಗೆಮನೆಯಲ್ಲಿ ಯಾವಾಗಲೂ ಹುರಿದ ಮೆಂತ್ಯದ ಘಮ ಇರುತ್ತಿತ್ತು, ಹಿತ್ತಿಲ ಬಾಗಿಲು ತೆರೆದರೆ ಕಾಲುವೆಯ ತಣ್ಣನೆಯ ಗಾಳಿ, ಪಕ್ಕದಲ್ಲೇ ಕಾರಿನ ಶೆಡ್ಡು. ನಾನು ಆ ಶೆಡ್ಡಿನ ಬಾಗಿಲಲ್ಲಿ ಕೂತಿರುತ್ತಿದ್ದೆ. ದೊಡ್ಡಪ್ಪ ಕಲ್ಲಿನ ಕ್ವಾರಿಗಳಲ್ಲಿ ಮೇಸ್ತ್ರಿಗಳ ಮೇಲಿನ ಸಾಹೇಬನಾಗಿದ್ದವನು; ಸಿಡಿಮದ್ದಿನ ಸದ್ದಿಗೆ ಅವನ ಬಲಗಿವಿ ಹೋಗಿತ್ತು. ಒಂದು ದಿನ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. ‘ರಮಾ, ಒಂದು ಕೆಲಸ ಅದ. ನನ್ನ ಬಲಗಿವಿ ಸತ್ತದ. ಈ ಗಾಡಿಗೆ ಕನ್ನಡಿ ಇಲ್ಲ. ಹಿಂದ ಲಾರಿ ಬಂದ್ರ ನನಗ ಹ್ಯಾಂಗ ಗೊತ್ತಾಗಬೇಕು? ನೀ ಹಿಂದ ಕೂತು ನೋಡು. ಬಂತು ಅಂದ್ರ ಹೆಗಲಿಗೆ ಒಂದು ಸಲ ತಟ್ಟು. ಮಾತಾಡೋದು ಬ್ಯಾಡ.’

ಮಾತಾಡೋದು ಬ್ಯಾಡ. ಆ ಮನೆಯಲ್ಲಿ ಹಾಗೆ ಹೇಳಿದವನು ಅವನೊಬ್ಬನೇ.

ಅಂದಿನಿಂದ ಬಲಗಡೆಯ ಕಿಟಕಿ ನನ್ನದಾಯಿತು. ಸುಧಕ್ಕ ನನಗಿಂತ ಆರು ವರ್ಷ ದೊಡ್ಡವಳು, ಅವಳು ತುಟಿ ಪಿಟಕ್ಕೆನ್ನದೆ ಎಡಕ್ಕೆ ಸರಿದಳು. ಒಳಗೊಂದು ಸಣ್ಣ ಕನ್ನಡಿ ಇತ್ತು ನಿಜ, ಅದರಲ್ಲಿ ದೊಡ್ಡಮ್ಮ ಹಿಂದಿನ ಗಾಜಿಗೆ ಒರಗಿಸಿಟ್ಟ ಬುತ್ತಿ ಬುಟ್ಟಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹಂಪಿಯಲ್ಲಿ ಪೂಜೆಗಿದ್ದ ದೊಡ್ಡಮ್ಮನ ತಮ್ಮನ ಮನೆಗೆ, ಕಂಪ್ಲಿಯ ಹೊಳೆಗೆ, ಅಕ್ಕಿ ತರಲು, ಮದುವೆ ಮುಂಜಿಗೆ, ಎಲ್ಲಿಗೆ ಹೋದರೂ ನಾನು ಸೀಟಿನ ಮೇಲೆ ಮಂಡಿಯೂರಿ, ತಲೆ ಹೊರಹಾಕಿ ಹಿಂದೆ ನೋಡುತ್ತಿದ್ದೆ. ದರೋಜಿ ಸಮೀಪಿಸಿದರೆ ದೊಡ್ಡಮ್ಮ, ‘ಲೇ, ತಲಿ ಒಳಗ ಹಾಕ್ಕೋ, ಕರಡಿ ಬರ್ತದ!’ ಎಂದು ಕಿರುಚುವಳು. ಹಾಡುಹಗಲಲ್ಲಿ ಯಾವ ಕರಡಿ ನಮ್ಮ ಕಾರಿಗೆ ಕಾದಿತ್ತೋ! ದೊಡ್ಡಪ್ಪ ಮಾತ್ರ, ‘ಅಕಿ ಡ್ಯೂಟಿ ಮ್ಯಾಲೆ ಇದ್ದಾಳ, ಮಾತಾಡಿಸಬ್ಯಾಡ’ ಎನ್ನುವನು. ಅವನ ಹೆಗಲು ಇನ್ನೂ ನನ್ನ ಕೈಯಲ್ಲಿದೆ. ಗಂಜಿ ಹಾಕಿದ ಬಿಳಿ ಅಂಗಿಯ ಗರಿಗರಿ, ಅದರಡಿಯ ಬಿಸಿ, ನಶ್ಯದ ವಾಸನೆ. ತಟ್ಟಿದ ಕೂಡಲೇ ಕಾರು ಮೆಲ್ಲಗೆ ಎಡಕ್ಕೆ ಸರಿಯುತ್ತಿತ್ತು, ಲಾರಿ ಭರ್ರೆಂದು ಹೋಗುತ್ತಿತ್ತು, ದೊಡ್ಡಪ್ಪ ತಿರುಗದೆಯೇ ‘ಶಹಬ್ಬಾಸ್’ ಎನ್ನುತ್ತಿದ್ದ. ಅಷ್ಟು ದೊಡ್ಡ ಗಾಡಿಯನ್ನು ನನ್ನ ಅಂಗೈ ಸರಿಸುತ್ತಿತ್ತು! ಮೂರು ತಿಂಗಳಾಗುವಷ್ಟರಲ್ಲಿ ನಾನು ತಟ್ಟುವುದರ ಜೊತೆ ‘ಲಾರಿ’ ಎನ್ನತೊಡಗಿದೆ, ಆಮೇಲೆ ‘ಬಸ್ಸು’, ಆಮೇಲೆ ಬಾಯಿ ಮುಚ್ಚಿಸಲು ಜನ ಬೇಕಾದರು.

ಹೀಗೆ ಮೂರು ವರ್ಷ. ಅಷ್ಟರಲ್ಲಿ ಅಪ್ಪ ಸಂಡೂರಿನಲ್ಲಿ ಇನ್ನೊಂದು ಮದುವೆಯಾದ. ಒಂದು ಭಾನುವಾರ ಎಲ್ಲರೂ ಅವನ ಹೊಸ ಮನೆ ನೋಡಲು ಹೊರಟೆವು. ಕಾರು ಹತ್ತುವಾಗ ದೊಡ್ಡಮ್ಮ ನನ್ನ ಬಟ್ಟೆಗಳ ಟ್ರಂಕನ್ನು ಡಿಕ್ಕಿಯಲ್ಲಿ ಇಡುವುದು ಕಂಡೆ. ‘ನಿನ್ನ ಅಲ್ಲೇ ಬಿಟ್ಟು ಬರ್ತೀವಿ, ಸಾಲಿ ಅಲ್ಲೇ’ ಎಂದಳು ಸುಧಕ್ಕ. ಅವಳ ಕಣ್ಣು ಊದಿಕೊಂಡಿದ್ದವು. ಆಗ ಅದರ ಅರ್ಥ ನನಗೆ ಹೊಳೆಯಲಿಲ್ಲ. ನಾನು ದೊಡ್ಡಪ್ಪನ ಕಡೆ ನೋಡಿದೆ. ಅವನು ಬಾನೆಟ್ಟು ಒರೆಸುತ್ತಲೇ ಇದ್ದ, ತಲೆ ಎತ್ತಲಿಲ್ಲ. ಕಳಿಸಿಬಿಡುವವರಿಗೋಸ್ಕರ ನಾನ್ಯಾಕೆ ಹಿಂದೆ ನೋಡಲಿ? ನೋಡಿಕೊಳ್ಳಲಿ ತಾವೇ.

ಘಟ್ಟ ಹತ್ತುವ ಮುಂಚೆ ಒಂದು ಎತ್ತಿನ ಗಾಡಿ ಮುಂದಿತ್ತು, ಮೇವು ಹೇರಿದ್ದು. ದೊಡ್ಡಪ್ಪ ನಿಧಾನ ಮಾಡಿದ. ನಾನು ಎಂದಿನಂತೆ ಮಂಡಿಯೂರಿ ಹೊರಗೆ ನೋಡುತ್ತಿದ್ದೆ. ಹಿಂದೆ ಕೆಂಪು ಧೂಳು ಎದ್ದಿತ್ತು, ಅದರೊಳಗಿಂದ ಅದಿರು ಲಾರಿಯ ಮೂತಿ ಹೊರಬಂತು. ನೋಡಿದೆ. ಚೆನ್ನಾಗಿ ನೋಡಿದೆ. ಹಾರ್ನ್ ಕೂಡ ಹೊಡೆದ ಲಾರಿಯವನು, ದೊಡ್ಡಪ್ಪನ ಸತ್ತ ಕಿವಿಯ ಕಡೆಗೆ. ದೊಡ್ಡಪ್ಪ ಒಂದು ಗಳಿಗೆ ಕಾದ, ನನ್ನ ಕೈಗೆ ಕಾದ. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಎತ್ತಿನ ಗಾಡಿಯನ್ನು ದಾಟಲು ಕಾರು ಬಲಕ್ಕೆ ಹೊರಳಿತು.

ಯಾರೂ ಸಾಯಲಿಲ್ಲ. ಲಾರಿ ಹಿಂದಿನ ಮಡ್‌ಗಾರ್ಡನ್ನು ಸೀಳಿಕೊಂಡು ಹೋಯಿತು, ಕಾರು ತಿರುಗಿ ಚರಂಡಿಗೆ ಇಳಿಯಿತು. ಮುಂದಿನ ಸೀಟಿನಲ್ಲಿದ್ದ ದೊಡ್ಡಮ್ಮನ ಬಲಗೈ ಮಣಿಕಟ್ಟು ಮುರಿಯಿತು. ಅದು ಕೊನೆಯವರೆಗೂ ನೆಟ್ಟಗಾಗಲಿಲ್ಲ. ಬಾಗಿಲ ಮುಂದೆ ಅಷ್ಟು ಚೆಂದ ರಂಗೋಲಿ ಎಳೆಯುತ್ತಿದ್ದವಳು ಆಮೇಲೆ ಚುಕ್ಕಿ ಇಡಲೂ ಸುಧಕ್ಕನನ್ನು ಕರೆಯುತ್ತಿದ್ದಳು. ಧೂಳಿನಲ್ಲಿ ನಿಂತು ದೊಡ್ಡಪ್ಪ ನನ್ನ ತಲೆ, ಕೈ, ಕಾಲು ಮುಟ್ಟಿ ಮುಟ್ಟಿ ನೋಡಿದ. ಏನೂ ಕೇಳಲಿಲ್ಲ. ಸೇರಿದ ಜನರಿಗೆ, ಓಡಿಬಂದ ಅಪ್ಪನಿಗೆ, ಎಲ್ಲರಿಗೂ ಒಂದೇ ಮಾತು ಹೇಳಿದ: ‘ಕೂಸು ತಟ್ಟಿತ್ತು. ನಾನ ಅವಸರ ಮಾಡಿದೆ.’ ಅವನ ಬಾಯಿಂದ ನಾನು ಕೇಳಿದ ಒಂದೇ ಸುಳ್ಳು ಅದು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಟ್ರಂಕು ನನ್ನ ಜೊತೆಗೇ ಹೊಸಪೇಟೆಗೆ ವಾಪಸು ಬಂತು. ದೊಡ್ಡಮ್ಮನ ಕೈಗೆ ಆಸರೆ ಬೇಕು, ರಮಾ ಇಲ್ಲೇ ಇರಲಿ ಎಂದು ದೊಡ್ಡಪ್ಪ ಅಪ್ಪನನ್ನು ಒಪ್ಪಿಸಿದ. ನನಗೆ ಬೇಕಾದದ್ದು ಸಿಕ್ಕಿತು, ಆ ಮುರಿದ ಕೈಯಿಂದ ಸಿಕ್ಕಿತು. ಕಾರು ರಿಪೇರಿಯಾಗಿ ಶೆಡ್ಡು ಸೇರಿತು. ದೊಡ್ಡಪ್ಪ ಮತ್ತೆ ಅದನ್ನು ಓಡಿಸಲಿಲ್ಲ, ಬಸ್ಸಿನಲ್ಲಿ ಓಡಾಡಿದ. ಲಾರಿ ನನಗೆ ಕಂಡಿತ್ತೆಂದು ಅವನು ತೀರಿಹೋಗುವವರೆಗೂ ನಾನು ಹೇಳಲಿಲ್ಲ. ದೊಡ್ಡಮ್ಮನ ಆ ಕೈಗೆ ಎಣ್ಣೆ ತಿಕ್ಕಿದೆ, ಮದುವೆಯಾಗಿ ಹೋಗುವವರೆಗೂ ತಿಕ್ಕಿದೆ, ಅವಳಿಗೂ ಹೇಳಲಿಲ್ಲ. ಇಂದಿಗೂ ಆಟೋದಲ್ಲಿ, ಬಸ್ಸಿನಲ್ಲಿ ನಾನು ನೆಟ್ಟಗೆ ಕೂರಲಾರೆ. ತಿರುಗಿ ತಿರುಗಿ ಹಿಂದೆ ನೋಡುತ್ತೇನೆ. ‘ಯಾರರೆ ಬೆನ್ನು ಹತ್ಯಾರೇನು?’ ಎಂದು ಮಗಳು ನಗುತ್ತಾಳೆ.

ಗ್ಯಾರೇಜಿನಲ್ಲಿ ಖಾದರ್ ಸಾಬರು ಟಾರ್ಚು ಹಿಡಿದು ಬಾಗಿಲಿನ ಒಳಗೆ ನೋಡುತ್ತಿದ್ದರು. ಕನ್ನಡಿಯ ನಟ್ಟು ಒಳಗಿನಿಂದ ಬಿಗಿಯಬೇಕು, ಅದಕ್ಕೇ ಒಳಹಲಗೆ ಬಿಚ್ಚಿದ್ದು. ‘ಅಕ್ಕಾ, ಇಲ್ಲಿ ನೋಡ್ರಿ’ ಎಂದರು. ಟೇಪು ಅಂಟಿಸಿದ ಜಾಗದಿಂದ ನಾಲ್ಕು ಬೆರಳು ಈಚೆ, ತಗಡಿನ ಒಳಮೈಯಲ್ಲಿ ಎರಡು ದುಂಡನೆಯ ಬೆಸುಗೆಯ ಗುರುತು. ‘ತೂತು ಮುಚ್ಯಾರ. ಮೊದಲ ಈ ಗಾಡಿಗೆ ಕನ್ನಡಿ ಇತ್ತು.’

‘ಇರಲಿಲ್ಲರಿ’ ಎಂದೆ ನಾನು. ‘ಎಂದೂ ಇರಲಿಲ್ಲ. ನನಗೆ ಗೊತ್ತಿಲ್ಲೇನು?’

ಸಾಬರು ಎಡಗಡೆಯ ಬಾಗಿಲಿನ ಒಳಹಲಗೆಯನ್ನೂ ಬಿಚ್ಚಿದರು. ಅಲ್ಲೂ ಎರಡು. ನಾನು ಸುಧಕ್ಕನ ಕಡೆ ತಿರುಗಿದೆ. ಅವಳು ಸೀರೆಯ ಸೆರಗಿನಿಂದ ಹೊಸ ಕನ್ನಡಿ ಒರೆಸುತ್ತಿದ್ದಳು, ಅಂದು ದೊಡ್ಡಪ್ಪ ಬಾನೆಟ್ಟು ಒರೆಸಿದಂತೆ, ತಲೆ ಎತ್ತದೆ.

‘ಇದ್ವು’ ಎಂದಳು. ‘ನೀ ಬಂದ ವಾರಕ್ಕ ಅಪ್ಪ ತೆಗಿಸಿದ, ಆಗ ನಿನಗ ಯಾವುದರ ಖಬರೂ ಇರಲಿಲ್ಲ. ತೂತು ಕಂಡ್ರ ನಿನಗ ಗೊತ್ತಾಗ್ತದ ಅಂತ ಬೆಸುಗಿ ಹಾಕಿಸಿ ಬಣ್ಣ ಹೊಡಿಸಿದ. ಅವ್ವ ಬೈದ್ಲು, ಹುಚ್ಚೇನು ನಿಮಗ ಅಂತ. ಅಕಿಗೆ ಏನರೆ ಒಂದು ಕೆಲಸ ಬೇಕು, ಮಾತು ತಾನ ಬರ್ತದ ಅಂದ. ನನಗ ಆಣಿ ಹಾಕಿಸಿದ್ದ, ಹೇಳಬಾರದು ಅಂತ.’

ನಾನು ಗ್ಯಾರೇಜಿನ ಹಳೆಯ ಟೈರಿನ ಮೇಲೆ ಕೂತೆ. ಇನ್ನು ತಡೆಯಲು ಆಗಲಿಲ್ಲ. ಸಾಬರು ಇದ್ದರು, ರಸ್ತೆಯಲ್ಲಿ ಟಿಪ್ಪರುಗಳು ಒದರುತ್ತಿದ್ದವು, ಆದದ್ದಾಗಲಿ ಎಂದು ಹೇಳಿದೆ. ‘ಸುಧಕ್ಕ, ಅವತ್ತು ನಾ ತಟ್ಟಲಿಲ್ಲ. ಲಾರಿ ಕಂಡಿತ್ತು. ಬೇಕಂತಲೇ ಸುಮ್ಮನೆ ಕೂತೆ.’

‘ಗೊತ್ತು.’

‘ಯಾರು ಹೇಳಿದ್ರು?’

‘ಯಾರು ಹೇಳಬೇಕು? ನಾ ನಿನ್ನ ಬಾಜೂಕ ಇದ್ದೆ. ಕೈ ತೊಡಿ ಕೆಳಗ ಇಟ್ಕೊಂಡಿದ್ದಿ. ಮನಿಗೆ ಬಂದ ಮ್ಯಾಲೆ ಅಪ್ಪನ ಮುಂದ ಚಾಡಿ ಹೇಳಿದೆ. ಅವ್ವನ ಕೈ ನೋಡಿ ನನಗೂ ಸಿಟ್ಟು ಬಂದಿತ್ತು.’ ಸುಧಕ್ಕ ಕನ್ನಡಿಯನ್ನು ಕೆಳಗಿಟ್ಟಳು. ‘ಅಪ್ಪ ಅಂದ, ಕನ್ನಡಿ ಸಿಟ್ಟಾಗಂಗಿಲ್ಲ ಸುಧಾ, ಕೂಸು ಸಿಟ್ಟಾಗ್ತದ. ಕನ್ನಡಿ ಜಾಗದಾಗ ಕೂಸು ಕುಂದ್ರಿಸಿದಾವ ನಾನು. ಕಳಿಸಾಕ ಹೊಂಟಾವನೂ ನಾನ. ಅಕಿ ಮುಂದ ಎಂದೂ ಎತ್ತಬ್ಯಾಡ ಅಂದ.’

ನಾನು ಅತ್ತೆ. ಈ ವಯಸ್ಸಿನಲ್ಲಿ, ಗ್ರೀಸು ಹತ್ತಿದ ನೆಲದ ಮೇಲೆ ಕಾಲು ಚಾಚಿಕೊಂಡು, ಏಳು ವರ್ಷದವಳು ಅಳಬೇಕಾಗಿದ್ದಷ್ಟು ಅತ್ತೆ. ನಾನು ಬೇಕಂತಲೇ ತಟ್ಟಲಿಲ್ಲವೆಂದು ತಿಳಿದೂ ಅವನು ನನಗೆ ದಿನವೂ ಹಪ್ಪಳ ಸುಟ್ಟು ಕೊಟ್ಟಿದ್ದ, ಲೆಕ್ಕ ಹೇಳಿಕೊಟ್ಟಿದ್ದ, ಮದುವೆಯಲ್ಲಿ ಧಾರೆ ಎರೆದಿದ್ದ. ಒಂದು ಸಲ ಕೇಳಿಬಿಟ್ಟಿದ್ದರೆ ಹೇಳುತ್ತಿದ್ದೆನಲ್ಲ ದೊಡ್ಡಪ್ಪ! ಖಾದರ್ ಸಾಬರು ಮೂರನೆಯ ಚಹಾ ತರಿಸಿದರು. ಆಮೇಲೆ ಹಳೆಯ ಬೆಸುಗೆಯ ಮೇಲೆ ಬೆರಳಾಡಿಸಿ, ‘ಹೊಸ ತೂತು ಬ್ಯಾಡ ಅಕ್ಕಾ, ಇವನ್ನ ಬಿಚ್ಚಿದ್ರ ಆತು’ ಎಂದರು. ಡ್ರಿಲ್ಲು ತಿರುಗಿತು. ಸುಟ್ಟ ಬಣ್ಣದ ವಾಸನೆ ಬಂತು. ಎರಡೂ ಕಡೆ ಕನ್ನಡಿ ಕೂತವು. ಬಾಗಿಲ ಹೊಟ್ಟೆಗೆ ತುಕ್ಕಿನ ಔಷಧಿ ಬಳಿದು ಹಲಗೆ ಮುಚ್ಚಿದರು. ಕೆಂಪು ಧೂಳನ್ನು ನಾನು ಕರವಸ್ತ್ರದಲ್ಲಿ ಕಟ್ಟಿಕೊಂಡೆ, ಯಾರೂ ನಗಲಿಲ್ಲ.

‘ಸಂಡೂರು ರೋಡಿಗೆ ಒಂದು ಸುತ್ತು ಹೋಗೂಣೇನು?’ ಎಂದಳು ಸುಧಕ್ಕ, ಸ್ಟೇರಿಂಗ್ ಹಿಡಿದು. ‘ಮುಂದ ಕುಂದ್ರು ಬಾ.’ ನಾನು ಹಿಂದಿನ ಬಾಗಿಲು ತೆಗೆದು ಬಲಗಡೆಗೆ ಸರಿದು ಕೂತೆ. ಮಂಡಿ ನೋವು, ಊರಲಾಗುವುದಿಲ್ಲ. ಆದಷ್ಟು ತಿರುಗಿ ಕೂತೆ. ಊರು ದಾಟಿ ಗುಡ್ಡಗಳು ಕಂಡವು. ಹೊಸ ಕನ್ನಡಿಯಲ್ಲಿ ಇಡೀ ರಸ್ತೆ ಥಳಥಳ ಹೊಳೆಯುತ್ತಿತ್ತು. ಒಂದು ಟ್ರ್ಯಾಕ್ಟರು ಮುಂದೆ ಸಿಕ್ಕಿತು, ಸುಧಕ್ಕ ನಿಧಾನ ಮಾಡಿದಳು. ಹಿಂದಿನಿಂದ ಲಾರಿ ಬರುತ್ತಿತ್ತು. ಕನ್ನಡಿಯಲ್ಲೂ ಇತ್ತು ಅದು, ದೊಡ್ಡದಾಗಿ. ನನ್ನ ಕೈ ಅವಳ ಹೆಗಲಿಗೆ ಹೋಯಿತು. ಒಂದು ಸಲ ತಟ್ಟಿದೆ.

‘ಲಾರಿ ಬಂತು ದೊಡ್ಡಪ್ಪ’ ಎಂದೆ.

ಸುಧಕ್ಕ ಕನ್ನಡಿ ನೋಡಲಿಲ್ಲ. ಕಾರು ಮೆಲ್ಲಗೆ ಎಡಕ್ಕೆ ಸರಿಯಿತು.