ಮಳಗಿಯಲ್ಲಿ ಕಂಡ ಹಿಮ

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ನಾನೂ ನನ್ನ ತಮ್ಮ ಶಿವಾನಂದನೂ ದಾಂಡೇಲಿಯಿಂದ ಹೊರಟೆವು. ಮಂಜು ಎಷ್ಟಿತ್ತೆಂದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ಬೋರ್ಡನ್ನು ಹತ್ತಿರ ಹೋಗಿ ಓದಬೇಕಾಯಿತು. ನಾವು ಮುಂಡಗೋಡ ತಾಲ್ಲೂಕಿನ ಮಳಗಿಯಲ್ಲಿದ್ದ, ಸೈನ್ಯದಿಂದ ನಿವೃತ್ತರಾದ ಹವಾಲ್ದಾರ ಈರಪ್ಪನವರನ್ನು ನೋಡಲು ಹೊರಟಿದ್ದೆವು.

ಶಿವಾನಂದ ಕಾಳಿ ನದಿಯಲ್ಲಿ ರಾಫ್ಟಿಂಗ್ ಗೈಡ್. ನದಿಯ ಕೆಲಸದ ಮೇಲೆ ಹಿಮಾಚಲಕ್ಕೆ ಹೋದವನು ಅಲ್ಲಿ ಸ್ಕೀಯಿಂಗ್ ಕಲಿತ. ಎರಡು ವರ್ಷದ ಹಿಂದೆ ನನ್ನನ್ನೂ ಕರೆದೊಯ್ದ. ಪೇಪರ್ ಮಿಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುವ ನಾನು ನಲವತ್ತೆರಡನೇ ವಯಸ್ಸಿನಲ್ಲಿ ಹತ್ತು ದಿನ ಬಿದ್ದೂ ಬಿದ್ದೂ ಕೊನೆಗೆ ಹಿಮದ ಮೇಲೆ ಜಾರಲು ಕಲಿತೆ. ಆಮೇಲೆ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಈ ಫೆಬ್ರುವರಿಯಲ್ಲಿ, ಅವನ ಇಬ್ಬರು ಗೆಳೆಯರ ಜೊತೆ ಐದು ದಿನ ಸ್ಕೀ ಮೇಲೆಯೇ ನಡೆದು ಒಂದು ಎತ್ತರದ ಕಣಿವೆದಾರಿಯನ್ನು ದಾಟುವ ಯೋಜನೆ ನಮ್ಮದು. ಮಿಲ್ಲಿನಲ್ಲಿ ಜೊತೆಗಿರುವ ಮುಂಡಗೋಡಿನ ಒಬ್ಬಾಕೆ, "ಹೋಗೂಕಿಂತ ಮೊದಲ ನಮ್ಮ ಈರಪ್ಪ ಕಾಕಾನ್ನ ಒಂದ್ಸಲ ಕೇಳ್ರಿ, ಅಕ್ಕಾರ. ಬರ್ಫದಾಗ ವರ್ಷಗಟ್ಟಲೆ ಇದ್ದು ಬಂದಾರ," ಎಂದಿದ್ದಳು.

ಅವರಿಗೆ ತೋರಿಸಲೆಂದು ಒಂದು ಜೊತೆ ಹಳೆಯ ಸ್ಕೀ ಹಲಗೆಗಳನ್ನು ಅಪ್ಪನ ಬಿಳಿ ಧೋತರದಲ್ಲಿ ಸುತ್ತಿ ತಂದಿದ್ದೆವು. ಹಳಿಯಾಳದಲ್ಲಿ ಉಪ್ಪಿಟ್ಟು, ಚಹಾ ಮುಗಿಸಿ ಯಲ್ಲಾಪುರದ ಬಸ್ ಹತ್ತಿದೆವು. ನನಗೆ ಉಚಿತ ಟಿಕೆಟ್. ಶಿವಾನಂದನಿಗೂ ಆ ಗಂಟಿಗೂ ದುಡ್ಡು. ಸಾಂಬ್ರಾಣಿಯಲ್ಲಿ ಹತ್ತಿದ ಒಬ್ಬ ಮುದುಕಿ ಸೀಟಿನ ಕೆಳಗೆ ಉದ್ದಕ್ಕೆ ಮಲಗಿದ್ದ ಬಿಳಿ ಗಂಟನ್ನು ನೋಡಿದಳು. ಬಗ್ಗಿ ಮುಟ್ಟಿ ಎರಡೂ ಕೈ ಮುಗಿದಳು.

"ಯಾರದವ್ವಾ?" ಎಂದು ಮೆಲ್ಲಗೆ ಕೇಳಿದಳು.

"ನಮ್ಮದ ರೀ, ಆಯಿ," ಎಂದೆ, ಅವಳು ಕೇಳಿದ್ದು ಬೇರೆಯೇ ಎಂದು ತಿಳಿಯದೆ.

ಅವಳು ನನ್ನ ಮುಖ ನೋಡಿ, ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟಳು. ಅಲ್ಲಿ ಊರೇ ಇರಲಿಲ್ಲ, ಎರಡೂ ಕಡೆ ತೇಗದ ಕಾಡು. "ಹೆಣಾ ಅಂತ ತಿಳಕೊಂಡ್ಳು," ಎಂದು ಶಿವಾನಂದ ನಕ್ಕ. ನನಗೆ ನಗು ಬರಲಿಲ್ಲ.

ಯಲ್ಲಾಪುರದಲ್ಲೂ ಮುಂಡಗೋಡಿನಲ್ಲೂ ಬಸ್ ಬದಲಿಸಿ ಮಳಗಿ ಮುಟ್ಟುವಾಗ ಹನ್ನೆರಡೂವರೆ, ಬಿಸಿಲು ಚುರುಗುಟ್ಟುತ್ತಿತ್ತು. ಈರಪ್ಪನವರು ಎಪ್ಪತ್ತರ ಹತ್ತಿರದ ತೆಳ್ಳನೆಯ ಮನುಷ್ಯ. ಅವರ ಹೆಂಡತಿ ಗಂಗವ್ವ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ಊಟವಾದ ಮೇಲೆ ಶಿವಾನಂದ ನಕ್ಷೆ ಬಿಡಿಸಿ ಕೆಂಪು ಪೆನ್ಸಿಲಿನಲ್ಲಿ ಎಳೆದ ದಾರಿ ತೋರಿಸಿದ. ಈರಪ್ಪನವರ ಬೆರಳು ಒಂದು ಕಡೆ ನಿಂತಿತು.

"ಇಲ್ಲಿ ಗೆರಿ ಒತ್ತೊತ್ತಾಗಿ ಅದಾವ. ಅಂದ್ರ ಇಳಿಜಾರು ಭಾಳ ಐತಿ. ಈ ಬಗಲಾಗ ಯಾಕ ಹೊಂಟೀರಿ?"

"ಒಂದು ದಿನ ಉಳೀತೈತಿ ರೀ," ಎಂದ ಶಿವಾನಂದ.

ಅವರು ಎದ್ದು ಒಳಗಿನಿಂದ ಮಣೆ, ರವೆ, ಗೋಧಿಹಿಟ್ಟು ತಂದರು. ಮಣೆಯ ಮೇಲೆ ರವೆ ಹರಡಿ, ಅದರ ಮೇಲೆ ಹಿಟ್ಟು ಸುರಿದು ಅಂಗೈಯಿಂದ ತಟ್ಟಿದರು. "ಇದು ಹಳೇ ಬರ್ಫ, ಇದು ಹೊಸಾದು. ಇದು ನೀವು," ಎಂದು ಎರಡು ಕಡಲೆಕಾಳು ಇಟ್ಟು ಮಣೆಯನ್ನು ಓರೆ ಮಾಡಿ ಹಿಡಿದರು. ಏನೂ ಆಗಲಿಲ್ಲ. ಆಮೇಲೆ ಉಗುರಿನಿಂದ ಒಂದು ಸಲ ತಟ್ಟಿದರು. ಹಿಟ್ಟಿನ ಮೇಲ್ಭಾಗದಲ್ಲಿ ಅಡ್ಡಗೆರೆ ಬಿರಿಯಿತು. ಇಡೀ ಹಿಟ್ಟು ಹಾಳೆಯಂತೆ ಜಾರಿ ನೆಲಕ್ಕೆ ಬಿತ್ತು. ಕಾಳುಗಳು ಕಾಣಲಿಲ್ಲ.

ಪಾಠ ಮುಗಿಯಿತೆಂದುಕೊಂಡೆ. ಆದರೆ ಈರಪ್ಪನವರು ಮಂಡಿಯೂರಿ ಎರಡೂ ಕೈಗಳಿಂದ ಹಿಟ್ಟು ಕೆದರತೊಡಗಿದರು. ಉಸಿರು ಜೋರಾಯಿತು. ಒಂದು ಕಾಳು ಸಿಕ್ಕಿತು. ಅದನ್ನು ಪಕ್ಕಕ್ಕಿಟ್ಟು ಮತ್ತೆ ಕೆದರಿದರು. ನಾವೂ ಕುಳಿತು ಹುಡುಕಿದೆವು. ನಾನು ಹಿಟ್ಟನ್ನೆಲ್ಲ ಬಾಚಿ ಜರಡಿ ಹಿಡಿದೆ. ಶಿವಾನಂದ ಮಣೆ ತಿರುವಿ ನೋಡಿದ, ಗೋಡೆಯವರೆಗೆ ನೆಲ ಸವರಿದ. ಕಾಳು ಇರಲಿಲ್ಲ.

"ಸಿಗಂಗಿಲ್ಲ, ಬಿಡ್ರಿ," ಎಂದರು ಬಾಗಿಲಲ್ಲಿ ನಿಂತ ಗಂಗವ್ವ. "ಯಾರೂ ಬರಲಿಲ್ಲಂದ್ರೂ ಒಬ್ಬರ ಕುಂತು ಮಾಡ್ತಾರ. ಪ್ರತಿ ಸಲ ಒಂದು ಸಿಗಂಗಿಲ್ಲ. ನಾನೂ ಎಷ್ಟ ಸಲ ಕಸಾ ಹೊಡದು ನೋಡೇನಿ."

ಆ ಬಿಸಿಲಿನಲ್ಲೂ ನನ್ನ ಮೈಮೇಲೆ ಮುಳ್ಳೆದ್ದವು. ಈರಪ್ಪನವರು ಬೆಳ್ಳಗಾದ ಕೈ ನೋಡಿಕೊಳ್ಳುತ್ತ ಹೇಳಿದರು: "ಅವತ್ತು ಬರ್ಫದ ಕೆಳಗಿಂದ ಧುಮ್ ಅಂತ ಸಪ್ಪಳ ಬಂದಿತ್ತು. ಎಲ್ಲಾರೂ ನನ್ನ ಮಾರಿ ನೋಡಿದ್ರು. ಏನೂ ಆಗೂದಿಲ್ಲ, ನಡೀರಿ ಅಂದೆ. ಬರ್ಫ ಜಾರಿ ಇಬ್ಬರು ಅದರಾಗ ಮುಚ್ಚಿಹೋದ್ರು. ಒಬ್ಬಾವ ಸಂಜೀಕ ಸಿಕ್ಕ. ಇನ್ನೊಬ್ಬಾವ ಸಿಗಲೇ ಇಲ್ಲ."

ಸ್ಕೀ ಹಲಗೆಗಳ ಗಂಟನ್ನು ನಾವು ಬಿಚ್ಚಲೇ ಇಲ್ಲ.

ಮೂರೂವರೆಯ ಬಸ್ಸಿಗೆ ಅವರು ರಸ್ತೆಯವರೆಗೂ ಬಂದರು. "ದಾರಿ ಬದಲ ಮಾಡ್ತೀವಿ ರೀ, ಕಾಕಾ," ಎಂದೆ. ಅವರು ತಲೆಯಾಡಿಸಿದರು, ನಂಬಿದಂತೆ ಕಾಣಲಿಲ್ಲ.

ಬಸ್ಸಿನಿಂದಲೇ ಶಿವಾನಂದ ಗೆಳೆಯರಿಗೆ ಫೋನ್ ಮಾಡಿ, ಕಣಿವೆಯ ತಳದಲ್ಲೇ ಸ್ಕೀ ಮಾಡೋಣ, ಮೇಲೆ ಬೇಡ ಎಂದ. ಒಬ್ಬ ಒಪ್ಪಿದ. ಇನ್ನೊಬ್ಬ ಗಟ್ಟಿಯಾಗಿ ನಕ್ಕದ್ದು ನನಗೂ ಕೇಳಿಸಿತು. ಅವನು ಬೇರೆ ತಂಡದ ಜೊತೆ ಆ ಮೇಲಿನ ದಾರಿಯಲ್ಲೇ ಹೋಗುತ್ತಾನಂತೆ. ಶಿವಾನಂದ ಅವನಿಗೆ ಮತ್ತೆ ಮೂರು ಸಲ ಫೋನ್ ಮಾಡಿದ, ಎತ್ತಲಿಲ್ಲ.

ಹಳಿಯಾಳ ದಾಟುವಾಗ ಕತ್ತಲಾಗುತ್ತಿತ್ತು. ಶಿವಾನಂದ ಕಿಟಕಿಯಿಂದ ತಿರುಗಿ ಕೇಳಿದ: "ಅಕ್ಕಾ, ನಿನಗ ಅಂಜಿಕಿ ಆತೇನು?"

"ಆತು," ಎಂದೆ.

"ನನಗೂ."

ಪ್ರವಾಹದ ದಿನಗಳಲ್ಲೂ ಕಾಳಿಯಲ್ಲಿ ಇಳಿದವನ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ನನ್ನ ಕೈ ಹಿಡಿದವನು ದಾಂಡೇಲಿಯವರೆಗೂ ಬಿಡಲಿಲ್ಲ.