ಒಂದೇ ಬಟ್ಟಲು

ದೈವಶಾಸ್ತ್ರದ ಕಾಲೇಜಿನಲ್ಲಿ ನಾವು ಬೇರೆ ಬೇರೆ ಕ್ರೈಸ್ತ ಸಭೆಗಳಿಂದ ಬಂದವರು. ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುವವರು, ಬರೀ ಚಿಮುಕಿಸುವವರು, ಅನ್ಯಭಾಷೆಯಲ್ಲಿ ಪ್ರಾರ್ಥಿಸುವವರು, ಎಲ್ಲರೂ ಪ್ರಭುಭೋಜನದ ದಿನ ದ್ರಾಕ್ಷಾರಸದ ಒಂದೇ ಬಟ್ಟಲಿಗೆ ತುಟಿ ಹಚ್ಚುತ್ತಿದ್ದೆವು. ಸಭೆಗಳ ಐಕ್ಯದ ಪಾಠದಲ್ಲಿ ನನ್ನ ರೂಮಿನ ಗೆಳೆಯನೇ ಕ್ಲಾಸಿಗೆ ಮೊದಲಿಗ. ನಾನು ಮಕ್ತಲ್‌ನಲ್ಲಿ ಊರ ಹೊರಗಿನ ಕೇರಿಯವನೆಂದು ಅವನೊಬ್ಬನಿಗೇ ಹೇಳಿದ್ದೆ.

ಈಗ ಅವನು ಗದ್ವಾಲದ ಕಡೆ ಪಾಸ್ಟರು. ಊರೊಳಗಿನ ಮನೆತನಗಳೇ ತುಂಬಿದ ಸಭೆ. ಹೋದ ವರ್ಷ ಪ್ರಸಂಗಕ್ಕೆ ನನ್ನನ್ನು ಕರೆದ. ಕ್ರಿಸ್ತನಲ್ಲಿ ನಾವೆಲ್ಲ ಒಂದೇ ದೇಹವೆಂದು ಗಂಟಲು ಹರಿಯುವಂತೆ ಸಾರಿದೆ. ಎಲ್ಲರೂ ಆಮೆನ್ ಅಂದರು. ಆಮೇಲೆ ಪ್ರಭುಭೋಜನ. ಅವನು ಬಟ್ಟಲು ಎತ್ತಲಿಲ್ಲ. ಟ್ರೇಯಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಕಪ್ಪುಗಳು ಬಂದವು, ಒಬ್ಬೊಬ್ಬರಿಗೆ ಒಂದೊಂದು.

"ಬಟ್ಟಲು ಯಾಕ ಬಿಟ್ಟಿ?" ಎಂದು ಮೆಲ್ಲಗೆ ಕೇಳಿದೆ.

"ಕೊರೊನಾ ಬಂದಾಗಿಂದ ಹಿಂಗ ಐತಿ. ಒಂದಾ ಬಟ್ಟಲಾಗ ಕುಡಿಯಾಕ ಮಂದಿ ಅಂಜತಾರ" ಎಂದ, ನನ್ನ ಮುಖ ನೋಡದೆ.

ನಂಬಿದೆ. ನಂಬುವುದು ನಮ್ಮ ಕಸುಬೇ ತಾನೆ.

ಊಟಕ್ಕೆ ಕೂತಾಗ ಸಭೆಯ ಮುದುಕಿಯೊಬ್ಬಳು ಹತ್ತಿರ ಬಂದಳು. ಪಾಪ, ಅವಳಿಗೆ ಏನೂ ಗೊತ್ತಿರಲಿಲ್ಲ.

"ವಾಕ್ಯ ಭಾಳ ಛಲೋ ಹೇಳಿದ್ರಿ, ಅಯ್ಯಗಾರೂ. ನಿಮ್ಮ ಮ್ಯಾಲ ನಮ್ಮ ಪಾಸ್ಟರಿಗೆ ಎಷ್ಟ್ ಮರ್ಯಾದಿ ನೋಡ್ರಿ! ನಾವು ಕೊರೊನಾದಾಗೂ ಒಂದಾ ಬಟ್ಟಲಾಗ ಕುಡದೀವಿ. ನೀವು ಬರ್ತೀರಂತ ಇವತ್ತ ಹೊಸಾ ಕಪ್ಪು ತರಿಸ್ಯಾರ."